ಕ್ಯಾಲೆಂಡರಿನ ಮೇಲಿನ ಅಂಕಿಗಳು

ನಮ್ಮ ಸಂಪಾದಕೀಯ ಕೋಣೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆದ ಹಾಗೆ ವರ್ಷವಿಡೀ ಅಂಕಿಗಳಿವೆ: 112, 36, 110, 37, 61, 4. ಪತ್ರಿಕೆಯ ಹಳೆಯ ಫೋಟೊಗಳಿರುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಆ ದಿನ ಸೆಕೆಂಡಿಗೆ ಎಷ್ಟು ಎಂಬಿ ಓದಿಕೊಟ್ಟಿತು ಎಂಬ ಗುರುತು ಅದು. ಡಿಸ್ಕ್ ಒಂದೇ, ಕಂಪ್ಯೂಟರೂ ಒಂದೇ. ಹಳೇ ಕ್ಯಾಲೆಂಡರ್ ಇಳಿಸುವ ಮುನ್ನ ಅದನ್ನೊಮ್ಮೆ ಹಿಂದಿನಿಂದ ಓದಿಕೊಂಡು ಬಂದೆವು.

ವರ್ಷದುದ್ದಕ್ಕೂ ನಾವು ಮಾಡಿದ ತಪ್ಪೆಂದರೆ, ಇದೆಲ್ಲ ಒಂದೇ ಕಾಯಿಲೆ ಅಂದುಕೊಂಡದ್ದು.

36, 37 ಬಂದ ದಿನಗಳನ್ನೇ ನೋಡಿ. 2000ದಲ್ಲಿ ಬಂದ ಯುಎಸ್‌ಬಿ 2.0ದ ವೇಗ ಸೆಕೆಂಡಿಗೆ 480 ಮೆಗಾಬಿಟ್. ಎಂಟರಿಂದ ಭಾಗಿಸಿದರೆ 60 ಎಂಬಿ. ಸಂಪರ್ಕದ ಖರ್ಚುವೆಚ್ಚ ಕಳೆದು ಕೈಗೆ ಸಿಗುವುದು 30ರಿಂದ 40. ಅಂದರೆ ಆ ದಿನಗಳಲ್ಲಿ ನಮ್ಮ ಯುಎಸ್‌ಬಿ 3.0 ಡಿಸ್ಕ್ ಹಳೇ ದಾರಿ ಹಿಡಿದಿತ್ತು. ಡಿಸ್ಕಿನ ಕಡೆಗೆ ಚುಚ್ಚುವ ಅಗಲವಾದ ಪಿನ್ನನ್ನು ಬೆಳಕಿಗೆ ಹಿಡಿದರೆ ಅದರಲ್ಲಿ ಎರಡು ಕೋಣೆ ಕಾಣುತ್ತವೆ. ದೊಡ್ಡದು ಹಳೆಯ ಸಂಪರ್ಕದ್ದು, ಪಕ್ಕದ ಚಿಕ್ಕದು ವೇಗದ್ದು. ನಮ್ಮ ಕೇಬಲ್ಲಿನಲ್ಲಿ ಆ ಚಿಕ್ಕ ಕೋಣೆ ಕೂದಲೆಳೆಯಷ್ಟು ಸಡಿಲವಾಗಿತ್ತು. ಡಿಸ್ಕನ್ನು ಮೇಜಿನ ಬಲಕ್ಕಿಟ್ಟರೆ 110, ಎಡಕ್ಕಿಟ್ಟು ಕೇಬಲ್ ಎಳೆದಂತಾದರೆ 36. ದೀಪ ಎರಡು ಸಲವೂ ಚೆನ್ನಾಗಿಯೇ ಉರಿಯುತ್ತದೆ, ಫೋಲ್ಡರುಗಳೂ ತೆರೆದುಕೊಳ್ಳುತ್ತವೆ. ಅನುಮಾನ ಬರುವುದಾದರೂ ಹೇಗೆ? ಬೇರೆ ಕೇಬಲ್ ಹಾಕಿದೆವು, 36 ಮತ್ತೆ ಕಾಣಲಿಲ್ಲ. ಇಷ್ಟಕ್ಕೆ ಏಳು ತಿಂಗಳು ಹಿಡಿಯಿತು.

ಹೊಸ ಕೇಬಲ್ ಕೊಳ್ಳಲು ಹೋದಾಗಿನ ಪಾಡು ಬೇರೆ. 2008ರ ಯುಎಸ್‌ಬಿ 3.0ಕ್ಕೆ ಆಮೇಲೆ 3.1 ಜೆನ್ 1 ಎಂದು, ಮತ್ತೆ 3.2 ಜೆನ್ 1 ಎಂದು ನಾಮಕರಣವಾಗಿದೆ. ಮಗು ಅದೇ, ವೇಗವೂ ಅದೇ 5 ಗಿಗಾಬಿಟ್. ಮಾನದಂಡ ರೂಪಿಸುವವರು ಗಿರಾಕಿಗೆ ಮಾಡಿದ ಉಪಕಾರವಂತೂ ಇದಲ್ಲ.

61 ರೋಗವೇ ಅಲ್ಲ. ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಸುತ್ತು ಒಂದೇ ಸಮನೆ ತಿರುಗುತ್ತದೆ. ಹೊರ ಅಂಚಿನ ಸುತ್ತಿನಲ್ಲಿ ಹೆಚ್ಚು ಮಾಹಿತಿ ಹಿಡಿಸುತ್ತದೆ, ಒಳಸುತ್ತಿನಲ್ಲಿ ಹೆಚ್ಚುಕಡಿಮೆ ಅರ್ಧ. ತುಂಬುವುದು ಸಾಮಾನ್ಯವಾಗಿ ಹೊರಗಿನಿಂದ. ಹಾಗಾಗಿ ಹತ್ತು ವರ್ಷದ ಹಿಂದಿನ ಫೋಟೊಗಳು ಸರಸರ ಬಂದರೆ, ಕಳೆದ ತಿಂಗಳಿನವು ಕಾಲೆಳೆಯುತ್ತ ಬರುತ್ತವೆ. ಒಂದು ದಿನ 1,800 ಅಂತಲೂ ಬರೆದಿದೆ. ಅದೇ ಕಡತವನ್ನು ಎರಡನೇ ಸಲ ಓದಿಸಿದಾಗ ಕಂಪ್ಯೂಟರ್ ಡಿಸ್ಕನ್ನು ಮುಟ್ಟದೆ ತನ್ನ ರ‍್ಯಾಮಿನಿಂದಲೇ ಕೊಟ್ಟಿತ್ತು. ಆ ದಿನ ನಾವು ಕೇಸರಿಬಾತ್ ತರಿಸಿದ್ದೂ ಉಂಟು.

ಎಸ್‌ಎಸ್‌ಡಿ ಕೊಂಡರೆ ಈ ಗೋಳೇ ಇಲ್ಲ ಅನ್ನುವವರಿದ್ದಾರೆ. 2014ರಲ್ಲಿ ಸ್ಯಾಮ್‌ಸಂಗ್‌ನ 840 ಇವೋ ಎಸ್‌ಎಸ್‌ಡಿಗಳಲ್ಲಿ ಹೊಸ ಕಡತ ವೇಗವಾಗಿ, ಹಳೆಯದು ನಿಧಾನವಾಗಿ ಬರತೊಡಗಿ, ಕಂಪನಿಯೇ ಫರ್ಮ್‌ವೇರ್ ತಿದ್ದಬೇಕಾಯಿತು. ನಮ್ಮ ಡಿಸ್ಕಿನದು ಸರಿಯಾಗಿ ಇದರ ತಿರುವುಮುರುವು.

ಇನ್ನು 4. ಸಾವಿರಾರು ಪುಟ್ಟ ಚಿತ್ರಗಳ ಫೋಲ್ಡರ್ ತೆರೆದಾಗ 4 ಬರುವುದು ಸಹಜ. ಓದುವ ಸೂಜಿ ಪ್ರತಿ ಕಡತಕ್ಕೂ ಜಾಗ ಹುಡುಕಿಕೊಂಡು ಅಲೆಯಬೇಕು. ಮಾರ್ಚಿನ 4, ಮೇ ತಿಂಗಳ 4 ಅಂಥವೇ. ಆಗಸ್ಟಿನದು ಹಾಗಿರಲಿಲ್ಲ. ಅಂದು ತೆರೆದ ಜಾತ್ರೆಯ ಫೋಲ್ಡರಿನಲ್ಲಿದ್ದದ್ದು ದೊಡ್ಡ ದೊಡ್ಡ ಕಡತಗಳು. ಡಿಸ್ಕ್ ಒಂದೊಂದು ಕಡೆ ನಿಂತು, ಒಳಗಿಂದ ಟಕ್ ಎಂದು, ಮತ್ತೆ ಹೊರಡುತ್ತಿತ್ತು. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಸ್ಮಾರ್ಟ್ ಪಟ್ಟಿಯನ್ನು ಅಂದೇ ತೆರೆಯಬೇಕಿತ್ತು. ಅಕ್ಟೋಬರಿನಲ್ಲಿ ತೆರೆದಾಗ 197ನೇ ಸಾಲು, ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಲೆಕ್ಕ, ಸೊನ್ನೆ ಇರಬೇಕಾದ ಕಡೆ 16 ತೋರಿಸಿತು. ಗಾಬರಿಯಾಗಿ ಎಲ್ಲವನ್ನೂ ಬೇರೆ ಡಿಸ್ಕಿಗೆ ಇಳಿಸಿಕೊಂಡೆವು. ತೇರಿನ ಮೂರು ಫೋಟೊ ಬರಲೇ ಇಲ್ಲ.

ಆಗಸ್ಟಿನ ಆ ಚೌಕದಲ್ಲಿ 4ರ ಪಕ್ಕ ಪೆನ್ಸಿಲಿನಲ್ಲಿ ‘ಕೇಬಲ್ ಇರಬೇಕು, ನಾಳೆ ನೋಡೋಣ’ ಎಂದಿದೆ. ಅಕ್ಷರ ಸಂಪಾದಕರದೇ.