ಆಟಿಕೆಯ ಪ್ಯಾಕ್ ಯಾರಿಗಾಗಿ?

ಅಕ್ಕನ ಮಗನಿಗೆ ಮೊನ್ನೆ ನಾಲ್ಕು ವರ್ಷ ತುಂಬಿತು. ಕಾಲೇಜಿನಿಂದ ಬರುವಾಗ ಬಿ.ಸಿ. ರೋಡಿನಲ್ಲಿ ಬಸ್ಸಿಳಿದು ಅವನಿಗೊಂದು ಟಿಪ್ಪರ್ ಲಾರಿ ತೆಗೆದುಕೊಂಡೆ. ಹಳದಿ ಬಣ್ಣದ್ದು, ಹಿಂದಿನ ತೊಟ್ಟಿ ಮೇಲೇಳುತ್ತದೆ, ಗುಂಡಿ ಒತ್ತಿದರೆ ಲೈಟ್ ಉರಿಯುತ್ತದೆ. ಪಾಣೆಮಂಗಳೂರಿನ ನಮ್ಮ ಮನೆಯ ಜಗಲಿಯಲ್ಲಿ ಅವನು ಕಾಯುತ್ತಲೇ ಇದ್ದ. ಕೈಗೆ ಕೊಟ್ಟೆ. ಅತ್ತಿತ್ತ ತಿರುಗಿಸಿ ನೋಡಿ ವಾಪಸ್ ನನ್ನ ಕೈಗೇ ಕೊಟ್ಟ. "ಮಾಮ, ತೆಗೆದು ಕೊಡು."

ಅಲ್ಲಿಂದ ಶುರುವಾಯಿತು ಕಷ್ಟ. ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್, ಸುತ್ತಲೂ ಬೆಸೆದ ಅಂಚು, ಎಲ್ಲಿಯೂ ಒಂದು ಬಾಯಿ ಇಲ್ಲ. ಉಗುರು ಹಾಕಿದೆ, ಹಲ್ಲು ಹಾಕಿದೆ, ಬೈಕಿನ ಕೀ ತುರುಕಿದೆ. ಆಗುವುದಿಲ್ಲ. ಮಗುವಿನ ಮುಖ ಸಣ್ಣದಾಗುತ್ತಾ ಬಂತು. ಅಷ್ಟರಲ್ಲಿ ನನಗೆ ಫೋನ್ ಬಂತು, ಅಂಗಳಕ್ಕೆ ಹೋದೆ. ಎರಡು ನಿಮಿಷ ಆಗಿರಬಹುದು. ಒಳಗಿನಿಂದ ಅಮ್ಮನ ಕೂಗು ಕೇಳಿಸಿತು.

ಮಗು ಅಳುವುದನ್ನು ನೋಡಲಾರದೆ ಅಜ್ಜಿ ತಮ್ಮ ಬೀಡಿ ಕತ್ತರಿ ಹಿಡಿದು ಕೂತಿದ್ದರು. ನಲವತ್ತು ವರ್ಷ ಬೀಡಿ ಕಟ್ಟಿದ ಕೈ ಅದು. ಕಣ್ಣು ಮುಚ್ಚಿ ಎಲೆ ಕತ್ತರಿಸಬಲ್ಲ ಕೈ. ಆದರೆ ಆ ಪ್ಲಾಸ್ಟಿಕ್‌ನ ಮೇಲೆ ಕತ್ತರಿ ಜಾರಿ ಹೆಬ್ಬೆರಳಿನ ಬುಡಕ್ಕೆ ಹೋಗಿತ್ತು. ಮೂರು ಹೊಲಿಗೆ. ಹತ್ತು ದಿನ ಅಜ್ಜಿ ಎಲೆ ಮುಟ್ಟಲಿಲ್ಲ. ಬೀಡಿ ಅಂದರೆ ಸಾವಿರಕ್ಕೆ ಇಷ್ಟು ಎಂದು ಲೆಕ್ಕ ಇರುವ ಕೆಲಸ. ಕಟ್ಟದ ದಿನಕ್ಕೆ ಬ್ರಾಂಚಿನಿಂದ ಏನೂ ಸಿಗುವುದಿಲ್ಲ. 350 ರೂಪಾಯಿಯ ಲಾರಿಗೆ ನಮ್ಮ ಮನೆ ಕೊಟ್ಟ ಬೆಲೆ ಅದಕ್ಕಿಂತ ಎಷ್ಟೋ ಜಾಸ್ತಿ.

ಅಜ್ಜಿ ಬೈದದ್ದು ನನಗೆ. "ಇಂಜಿನಿಯರಿಂಗ್ ಓದುದು ಅಂತೆ. ಒಂದು ಡಬ್ಬಿ ತೆಗೀಲಿಕ್ಕೆ ಬರುದಿಲ್ಲ. ಇದನ್ನು ಹೀಗೆ ಮಾಡಿದ್ದಾದರೂ ಯಾರು ಮಾರಾಯ?"

ತಮಾಷೆಗೆ ಹೇಳಿದ್ದಲ್ಲ. ಆ ಪ್ರಶ್ನೆ ಹಿಡಿದುಕೊಂಡು ನಾನು ಮೊದಲು ಹೋದದ್ದು ಅದೇ ಅಂಗಡಿಗೆ. ಅಂಗಡಿಯವರಿಗೆ ನನ್ನ ಕಥೆ ಹೊಸತಲ್ಲ. ಅವರ ಕಷ್ಟವೇ ಬೇರೆ. "ಮಕ್ಕಳು ಬಂದವರು ಎಲ್ಲವನ್ನೂ ಮುಟ್ಟುತ್ತಾರೆ. ಪ್ಯಾಕ್ ಒಡೆದರೆ ಒಂದು ಚಕ್ರ ಕಾಣೆ, ಒಂದು ಗೊಂಬೆ ಕಾಣೆ. ಒಡೆದ ಪ್ಯಾಕನ್ನು ನೀವು ತಗೊಳ್ತೀರಾ?" ಎಂದು ಕೇಳಿದರು. ನಾನು ತಗೊಳ್ಳುವುದಿಲ್ಲ, ನಿಜ. ನಾನೂ ಸೀಲ್ ಸರಿಯಾಗಿದೆಯಾ ಎಂದು ನೋಡಿಯೇ ತೆಗೆದುಕೊಂಡದ್ದು.

ಹಾಗಾಗಿ ಮೊದಲ ಕಾರಣ ಕಳ್ಳತನ ಮತ್ತು ಕೈಚೇಷ್ಟೆ. ಸಣ್ಣ ವಸ್ತುವನ್ನು ದೊಡ್ಡ ಪ್ಲಾಸ್ಟಿಕ್‌ನಲ್ಲಿ ಬೆಸೆದರೆ ಜೇಬಿಗೆ ಹಾಕಲು ಆಗುವುದಿಲ್ಲ, ಅಲ್ಲೇ ಬಿಚ್ಚಲೂ ಆಗುವುದಿಲ್ಲ.

ಎರಡನೆಯದು ಪ್ರಯಾಣ. ಕಾರ್ಖಾನೆಯಿಂದ ಹೊರಟ ಆಟಿಕೆ ಗೋದಾಮು, ಲಾರಿ, ಮತ್ತೆ ಗೋದಾಮು, ಮತ್ತೆ ಲಾರಿ ಎಂದು ಹತ್ತಾರು ಸಲ ಏರಿಳಿಯುತ್ತದೆ. ಬೆಂಗಳೂರಿನಿಂದ ಇಲ್ಲಿಗೆ ಬರಲು ಶಿರಾಡಿ ಘಾಟಿ ಇಳಿಯಬೇಕು. ಆ ರಸ್ತೆಯಲ್ಲಿ ಮಳೆಗಾಲದಲ್ಲಿ ಒಮ್ಮೆ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಆಟಿಕೆಯನ್ನು ಯಾಕೆ ಅಷ್ಟು ಬಿಗಿಯಾಗಿ ಕಟ್ಟುತ್ತಾರೆ ಎಂದು ಹೇಳಿಕೊಡುವುದು ಬೇಡ.

ಮೂರನೆಯದು ಪ್ರದರ್ಶನ. ಅಂಗಡಿಯ ಶೆಲ್ಫಿನಲ್ಲಿ ಲಾರಿಯ ತೊಟ್ಟಿ ಎತ್ತಿರಬೇಕು, ಗೊಂಬೆ ನಗುತ್ತಾ ಕೈ ಚಾಚಿ ನಿಂತಿರಬೇಕು. ಆ ಭಂಗಿ ಕೆಡಬಾರದು. ಅದಕ್ಕೇ ಕೈಗೊಂದು, ಸೊಂಟಕ್ಕೊಂದು, ಕಾಲಿಗೊಂದು ತಂತಿಯ ಗಂಟು. ನಮ್ಮ ಲಾರಿಯಲ್ಲಿ ಅಂಥ ಆರು ಗಂಟು ಇದ್ದವು. ಹಿಂದಿನ ರಟ್ಟಿನ ಮೇಲೆ ಎರಡು ಸ್ಕ್ರೂ ಬೇರೆ.

ನಾಲ್ಕನೆಯದು ಖರ್ಚು. ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಅಚ್ಚಿಗೆ ಎಳೆದು, ಎರಡು ಪದರಗಳ ಅಂಚನ್ನು ಕರಗಿಸಿ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಸೀಲ್ ಆಯಿತು. ಇಂಗ್ಲಿಷಿನಲ್ಲಿ ಇದಕ್ಕೆ 'ಕ್ಲಾಮ್‌ಶೆಲ್' ಎನ್ನುತ್ತಾರೆ. ಅಂದರೆ ನಮ್ಮ ಮರುವಾಯಿ ಚಿಪ್ಪು. ಆದರೆ ಮರುವಾಯಿಯನ್ನು ಬೇಯಿಸಿದರೆ ಅದು ತಾನಾಗಿಯೇ ಬಾಯಿ ಬಿಡುತ್ತದೆ. ಇದು ಬಿಡುವುದಿಲ್ಲ.

ಈ ನಾಲ್ಕು ಕಾರಣಗಳೂ ನಿಜ, ನಾಲ್ಕಕ್ಕೂ ಅರ್ಥ ಇದೆ. ಆದರೆ ಒಮ್ಮೆ ಲೆಕ್ಕ ಹಾಕಿ. ಪ್ಯಾಕ್ ಮಾಡುವಾಗ ಕಳ್ಳನ ಬಗ್ಗೆ ಯೋಚಿಸಿದ್ದಾರೆ, ಲಾರಿಯ ಬಗ್ಗೆ, ಶೆಲ್ಫಿನ ಬಗ್ಗೆ, ಮೆಷಿನಿನ ಬಗ್ಗೆ ಯೋಚಿಸಿದ್ದಾರೆ. ಅದನ್ನು ತೆರೆಯುವ ಕೈಯ ಬಗ್ಗೆ ಮಾತ್ರ ಯಾರೂ ಯೋಚಿಸಿದಂತೆ ಕಾಣುವುದಿಲ್ಲ.

ಬೇಕಾದರೆ ತೆರೆಯುವವರ ಬಗ್ಗೆಯೂ ಯೋಚಿಸಬಹುದು ಎಂಬುದಕ್ಕೆ ಉದಾಹರಣೆ ಇದೆ. 2008ರ ನವೆಂಬರಿನಲ್ಲಿ ಅಮೆಜಾನ್ ಕಂಪನಿ ಅಮೆರಿಕದಲ್ಲಿ ಸುಲಭವಾಗಿ ತೆರೆಯುವ ಪ್ಯಾಕಿಂಗ್ ಶುರು ಮಾಡಿತು. ಮೊದಲು ಆಯ್ದುಕೊಂಡದ್ದು ಬರೀ 19 ವಸ್ತುಗಳು. ಅದರಲ್ಲಿ ಫಿಶರ್ ಪ್ರೈಸ್ ಕಂಪನಿಯ ಕಡಲ್ಗಳ್ಳರ ಹಡಗಿನ ಆಟಿಕೆಯೂ ಒಂದು. ಹೊಸ ಪ್ಯಾಕಿನಲ್ಲಿ ಆ ಒಂದೇ ಆಟಿಕೆಯಿಂದ 36 ಇಂಚು ಕಟ್ಟುತಂತಿ ತೆಗೆದುಹಾಕಿದರು, ಪ್ಲಾಸ್ಟಿಕ್ ಚಿಪ್ಪು ತೆಗೆದುಹಾಕಿದರು. ಸಾದಾ ರಟ್ಟಿನ ಪೆಟ್ಟಿಗೆ ಸಾಕಾಯಿತು. ಹೇಗೆ ಸಾಧ್ಯವಾಯಿತು? ಆನ್‌ಲೈನ್‌ನಲ್ಲಿ ಶೆಲ್ಫ್ ಇಲ್ಲ, ಭಂಗಿ ತೋರಿಸಬೇಕಾಗಿಲ್ಲ, ಜೇಬಿಗೆ ಹಾಕುವವರೂ ಇಲ್ಲ. ಲಾರಿ ಪ್ರಯಾಣ ಮಾತ್ರ ಹಾಗೆಯೇ ಇತ್ತು. ಅಂದಮೇಲೆ ಆ 36 ಇಂಚು ತಂತಿ ಇದ್ದದ್ದು ಮುಖ್ಯವಾಗಿ ಅಂಗಡಿಯ ಶೆಲ್ಫಿಗಾಗಿ ಎಂದಾಯಿತು.

ಇನ್ನೊಂದು ಉದಾಹರಣೆ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿತು. ಮಕ್ಕಳು ಮಾತ್ರೆ ನುಂಗುವುದನ್ನು ತಡೆಯಲು ಅಮೆರಿಕ 1970ರಲ್ಲಿ ಒಂದು ಕಾನೂನು ತಂದಿತು. ಒತ್ತಿ ತಿರುಗಿಸಬೇಕಾದ ಔಷಧಿ ಮುಚ್ಚಳಗಳು ಹೆಚ್ಚಾದದ್ದು ಅದರಿಂದ. ಅಲ್ಲಿ ಆ ಮುಚ್ಚಳವನ್ನು ಎರಡು ಗುಂಪಿನವರ ಕೈಗೆ ಕೊಟ್ಟು ಪರೀಕ್ಷಿಸುತ್ತಾರೆ. ಐದು ವರ್ಷದೊಳಗಿನ ಹೆಚ್ಚಿನ ಮಕ್ಕಳಿಗೆ ಅದು ತೆರೆಯಬಾರದು. 50ರಿಂದ 70 ವರ್ಷದ ಹೆಚ್ಚಿನ ಹಿರಿಯರಿಗೆ ತೆರೆಯಲೇಬೇಕು. ಎರಡರಲ್ಲೂ ಪಾಸಾದರೆ ಮಾತ್ರ ಮುಚ್ಚಳ ಪಾಸು.

ಇದನ್ನು ಓದಿದ ದಿನ ನಮ್ಮ ಮನೆಯನ್ನೇ ಒಮ್ಮೆ ನೋಡಿದೆ. ಅಜ್ಜಿಯ ಬೀಡಿ ಕಟ್ಟಿನ ಕಾಗದ ಮಗುವಿನ ಬೆರಳಿಗೂ ಹರಿಯುತ್ತದೆ. ಕಪಾಟಿನಲ್ಲಿರುವ ಜ್ವರದ ಸಿರಪ್ಪಿನ ಮುಚ್ಚಳವನ್ನು ಅವನು ಒಂದೇ ಸುತ್ತಿಗೆ ತೆಗೆಯುತ್ತಾನೆ. ಅವನಿಗಾಗಿಯೇ ಮಾಡಿದ ಲಾರಿಯನ್ನು ಮಾತ್ರ ಮನೆಯ ನಾಲ್ಕು ಜನ ಸೇರಿದರೂ ತೆಗೆಯಲಾಗುವುದಿಲ್ಲ.

ಹಾಗೆಂದು ಎಲ್ಲವೂ ಸುಲಭವಾಗಿ ತೆರೆಯಬೇಕು ಎಂದು ನಾನು ಹೇಳುವುದಿಲ್ಲ. ಲಾರಿಯ ಅಡಿಯಲ್ಲಿ ಬ್ಯಾಟರಿಯ ಮುಚ್ಚಳಕ್ಕೆ ಒಂದು ಸ್ಕ್ರೂ ಇದೆ. ಅದು ಇರಲೇಬೇಕು. ಬಟನ್ ಬ್ಯಾಟರಿ ನುಂಗಿದ ಮಗುವಿನ ಅನ್ನನಾಳ ಕೆಲವೇ ಗಂಟೆಗಳಲ್ಲಿ ಸುಟ್ಟುಹೋಗಬಹುದು. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಚೂಪು ಅಂಚು, ಗಂಟಲಿಗೆ ಸಿಕ್ಕಬಹುದಾದ ಸಣ್ಣ ಭಾಗ, ಬಣ್ಣದಲ್ಲಿರುವ ಸೀಸ ಎಲ್ಲಕ್ಕೂ ಪರೀಕ್ಷೆ ಇದೆ. ಇವೆಲ್ಲ ಮಗುವಿನ ಕಡೆಯಿಂದ ಯೋಚಿಸಿ ಮಾಡಿದ್ದು. ಬ್ಯಾಟರಿಯ ಸ್ಕ್ರೂ ಮಗುವನ್ನು ಕಾಯುತ್ತದೆ. ರಟ್ಟಿನ ಹಿಂದಿನ ಸ್ಕ್ರೂ ಕಾಯುವುದು ಮಾಲನ್ನು. ಎರಡನ್ನೂ ಒಂದೇ ಎಂದುಕೊಂಡು ನಾವು ಸುಮ್ಮನಿದ್ದೇವೆ.

ಪರಿಹಾರ ದೊಡ್ಡ ತಂತ್ರಜ್ಞಾನವೇನಲ್ಲ. ಒಂದು ರೂಪಾಯಿಯ ಶಾಂಪೂ ಸ್ಯಾಶೆ ನೋಡಿ. ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಅಲ್ಲಿ ಹಿಡಿದು ಎಳೆದರೆ ಸರ್ರನೆ ಹರಿಯುತ್ತದೆ, ಬೇರೆ ಕಡೆ ಎಳೆದರೆ ಹರಿಯುವುದಿಲ್ಲ. ಒಂದು ಸಣ್ಣ ಸೀಳು ವಸ್ತುವಿನ ಬಲವನ್ನು ಹೇಗೆ ಕುಗ್ಗಿಸುತ್ತದೆ ಎಂಬುದನ್ನು ಬ್ರಿಟಿಷ್ ಇಂಜಿನಿಯರ್ ಎ.ಎ. ಗ್ರಿಫಿತ್ 1921ರಲ್ಲೇ ವಿವರಿಸಿದ್ದಾರೆ. ಮೆಕ್ಯಾನಿಕಲ್ ಓದುವವರು ಪರೀಕ್ಷೆಗೆಂದು ಬಾಯಿಪಾಠ ಮಾಡುವ ವಿಷಯ ಅದು. ಕಚ್ಚು ಇಲ್ಲದ ಗಟ್ಟಿ ಹಾಳೆ ಮೊದಲು ಸ್ವಲ್ಪವೂ ಬಗ್ಗುವುದಿಲ್ಲ. ನಾವು ಬಲ ಹಾಕುತ್ತಾ ಹೋಗುತ್ತೇವೆ. ಒಮ್ಮೆ ಸೀಳು ಶುರುವಾದರೆ ತಡೆ ಒಂದೇ ಸಲಕ್ಕೆ ಇಲ್ಲದಾಗುತ್ತದೆ, ಅಲ್ಲಿವರೆಗೆ ಹಾಕಿದ ಬಲವೆಲ್ಲ ಕತ್ತರಿಯನ್ನು ಮುಂದಕ್ಕೆ ತಳ್ಳುತ್ತದೆ. ಅಜ್ಜಿಯ ಹೆಬ್ಬೆರಳಿಗೆ ಆದದ್ದು ಅದೇ. ಅಚ್ಚಿನಲ್ಲಿ ಒಂದು ಕಚ್ಚು ಅಥವಾ ಅಂಚಿನಲ್ಲಿ ಒಂದು ಚುಕ್ಕಿ ಸಾಲು ಇಟ್ಟಿದ್ದರೆ ಸಾಕಿತ್ತು. ತಂತಿಯ ಬದಲು ರಟ್ಟನ್ನೇ ಕತ್ತರಿಸಿ ಮಡಚಿ ಆಟಿಕೆಯನ್ನು ಹಿಡಿಸಲೂ ಬರುತ್ತದೆ.

ಪ್ಯಾಕ್ ಸುಲಭವಾಗಿ ತೆರೆಯುವುದು ಹೇಗೆ ಎಂಬುದಕ್ಕೇ ಒಂದು ಅಂತರರಾಷ್ಟ್ರೀಯ ಮಾನದಂಡ 2015ರಲ್ಲಿ ಬಂದಿದೆ. ಐಎಸ್‌ಒ 17480 ಎಂದು ಅದರ ಸಂಖ್ಯೆ. ಆಟಿಕೆಯ ಗುಣಮಟ್ಟಕ್ಕೆ ಕಾನೂನು ತಂದ ನಾವು ಇದನ್ನೂ ಅದರ ಜೊತೆ ಸೇರಿಸಿದರೆ ಕಂಪನಿಗಳಿಗೆ ದೊಡ್ಡ ಹೊರೆಯಾಗಲಾರದು. ಅಂಗಡಿಯವರ ಕಷ್ಟಕ್ಕೂ ದಾರಿ ಇದೆ. ಪ್ರತಿ ಬಗೆಯಲ್ಲಿ ಒಂದನ್ನು ಬಿಚ್ಚಿ ಮೇಜಿನ ಮೇಲಿಟ್ಟರೆ ಮಕ್ಕಳು ಮುಟ್ಟಿ ನೋಡುತ್ತಾರೆ, ಉಳಿದದ್ದು ಸಾದಾ ಪೆಟ್ಟಿಗೆಯಲ್ಲಿರಬಹುದು. ಪೊಳಲಿ ಜಾತ್ರೆಯ ಸಂತೆಯಲ್ಲಿ ನಾವು ಆಟಿಕೆ ತೆಗೆದುಕೊಂಡದ್ದು ಹಾಗೆಯೇ. ಹಗ್ಗದಲ್ಲಿ ನೇತು ಹಾಕಿದ ಪೀಪಿಯನ್ನು ಅಂಗಡಿಯವರೇ ಊದಿ ತೋರಿಸಿ ಕೈಗೆ ಕೊಡುತ್ತಿದ್ದರು. ಮನೆ ಮುಟ್ಟುವ ಮೊದಲೇ ಆಟ ಶುರುವಾಗುತ್ತಿತ್ತು.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದ್ದು ಇಷ್ಟು. ಮಗುವಿನ ಕೈಗೆ ಕೊಡುವ ಮೊದಲೇ ಪ್ಯಾಕ್ ಬಿಚ್ಚಿ. ಚಾಕು ಬೇಡ. ಗಟ್ಟಿ ಕತ್ತರಿಯಲ್ಲಿ ಬೆಸೆದ ಅಂಚಿನ ಒಳಬದಿಗೆ ನಿಧಾನವಾಗಿ ಕತ್ತರಿಸುತ್ತಾ ಹೋಗಿ, ಇನ್ನೊಂದು ಕೈ ಕತ್ತರಿಯ ದಾರಿಯಲ್ಲಿ ಇರದಿರಲಿ. ತುಂಡಾದ ತಂತಿ, ಪ್ಲಾಸ್ಟಿಕ್ ಎಳೆ ಎಲ್ಲವನ್ನೂ ಎಣಿಸಿ ಹೆಕ್ಕಿ. ಅವು ಸಣ್ಣ ಮಕ್ಕಳ ಬಾಯಿಗೆ ಹೋಗುತ್ತವೆ.

ಅಜ್ಜಿ ಈಗ ಮತ್ತೆ ಬೀಡಿ ಕಟ್ಟುತ್ತಿದ್ದಾರೆ. ಮೊದಲಿನ ವೇಗ ಇಲ್ಲ, ಹೆಬ್ಬೆರಳು ಸ್ವಲ್ಪ ಬಿಗಿಯುತ್ತದಂತೆ. ಆ ಪ್ಲಾಸ್ಟಿಕ್ ಚಿಪ್ಪಿನ ಕೆಳಗಿನ ಅರ್ಧವನ್ನು ಅವರು ಬಿಸಾಡಲಿಲ್ಲ, ನೂಲಿನ ಉಂಡೆ ಇಟ್ಟುಕೊಂಡಿದ್ದಾರೆ.

ನಾವು ಕ್ಲಾಸಿನಲ್ಲಿ ಡ್ರಾಯಿಂಗ್ ಮಾಡುವಾಗ ಅಳತೆ ನೋಡುತ್ತೇವೆ, ಬಲ ನೋಡುತ್ತೇವೆ, ಖರ್ಚು ನೋಡುತ್ತೇವೆ. ಇನ್ನೆರಡು ವರ್ಷದಲ್ಲಿ ನಮ್ಮಲ್ಲಿ ಯಾರಾದರೂ ಒಬ್ಬರು ಇಂಥದೇ ಒಂದು ಪ್ಯಾಕನ್ನು ಡಿಸೈನ್ ಮಾಡುವ ಕೆಲಸಕ್ಕೆ ಸೇರಬಹುದು. ಸಹಿ ಹಾಕುವ ಮೊದಲು ಅದನ್ನು ಒಮ್ಮೆ ಮನೆಗೆ ತನ್ನಿ. ಅಜ್ಜಿಯ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು ನೋಡಿ.