ಇಳಿಜಾರಿನ ಸೈಕಲ್ಲಿಗೆ ಟೈರು: ಬಾಳಿಕೆಯೊಂದನ್ನೇ ನೋಡಿದರೆ ಸಾಲದು



ಗೊಬ್ಬರದ ದರ, ಕೊಳೆರೋಗ, ಕಾಯಿಕೊರಕ, ಆಳಿನ ಅಭಾವ ಇವುಗಳ ನಡುವೆ ಸೈಕಲ್ ಟೈರಿನ ವಿಚಾರಕ್ಕೆ ಈ ಪುಟದಲ್ಲಿ ಸ್ಥಳ ಕೊಡುವುದು ಉಚಿತವೇ ಎಂದು ಕೆಲವರು ಕೇಳಬಹುದು. ಉಚಿತವೆಂದೇ ನಮ್ಮ ಅಭಿಪ್ರಾಯ. ನಮ್ಮಲ್ಲಿ ಅನೇಕರ ಮನೆ ಗುಡ್ಡದ ಓರೆಯಲ್ಲಿದೆ. ಬಸ್ಸು ಬರುವ ರಸ್ತೆ ಕೆಳಗಿದೆ. ನಡುವೆ ಇರುವುದು ತೋಟದೊಳಗಿನ ಇಳಿಜಾರು ದಾರಿ. ಆ ದಾರಿಯಲ್ಲಿ ಶಾಲೆಗೆ, ಕಾಲೇಜಿಗೆ, ಹಾಲಿನ ಡೈರಿಗೆ ಇಳಿಯುವ ಮಕ್ಕಳಲ್ಲಿ ಹಲವರ ಕೈಯಲ್ಲಿ ಈಗ ಅಂಗಡಿಯವರು ‘ಎಂ.ಟಿ.ಬಿ.’ ಎಂದು ಕರೆಯುವ ಅಗಲ ಟೈರಿನ, ಗೇರಿನ ಸೈಕಲ್ಲಿದೆ. ಮೃಗಶಿರಾ ಮಳೆ ಹಿಡಿದ ಮೇಲೆ ಆ ದಾರಿಯ ಗತಿ ಏನಾಗುತ್ತದೆಂಬುದನ್ನು ನಾವು ಹೇಳಬೇಕಾಗಿಲ್ಲ. ಅಲ್ಲಿ ಮಗುವಿನ ಕೈಕಾಲು ಉಳಿಯುವುದು ಅಂಗೈಯಗಲದ ರಬ್ಬರಿನ ಮೇಲೆ.

ಆದರೆ ಟೈರು ಕೊಳ್ಳುವಾಗ ನಾವು ಕೇಳುವ ಪ್ರಶ್ನೆಗಳು ಎರಡೇ: “ಎಷ್ಟು ರೂಪಾಯಿ?” ಮತ್ತು “ಎಷ್ಟು ವರ್ಷ ಬರುತ್ತದೆ?” ಇವೆರಡೂ ನ್ಯಾಯವಾದ ಪ್ರಶ್ನೆಗಳೇ. ಸಣ್ಣ ಹಿಡುವಳಿದಾರನು ಪೈಸೆ ಲೆಕ್ಕ ಹಾಕದೆ ಬದುಕಲಾರ. ಆದರೆ ಇಳಿಜಾರಿನ ದಾರಿಗೆ ಮೂರನೆಯ ಪ್ರಶ್ನೆಯೊಂದಿದೆ: “ಒದ್ದೆಯಲ್ಲಿ ಹಿಡಿಯುತ್ತದೆಯೇ?” ಕೊನೆಗಾರನು ಅಡಿಕೆ ಮರ ಏರುವ ಮುನ್ನ ಕಾಲಿನ ತಳೆಯನ್ನು ನೋಡಿಕೊಳ್ಳುವಾಗ ಅದು ಎಷ್ಟು ವರ್ಷ ಬಂದೀತು ಎಂದು ಯೋಚಿಸುವುದಿಲ್ಲ, ಇವತ್ತು ಹಿಡಿಯುತ್ತದೆಯೇ ಎಂದು ನೋಡುತ್ತಾನೆ. ಸೈಕಲ್ಲಿನ ವಿಷಯದಲ್ಲಿಯೂ ಆ ವಿವೇಕ ನಮಗೆ ಬೇಕು.

ಬೆಟ್ಟ ಇಳಿಯುವ ಸೈಕಲ್ಲಿನ ವಿದ್ಯೆ ಬೆಳೆದು ಬಂದ ಬಗೆಯನ್ನು ಇಲ್ಲಿ ನೆನೆಯುವುದು ಉಪಯುಕ್ತ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ, ಫೇರ್‌ಫ್ಯಾಕ್ಸ್ ಎಂಬ ಊರಿನ ಹತ್ತಿರದ ಮಣ್ಣಿನ ದಾರಿಯೊಂದರಲ್ಲಿ, 1976ರ ಅಕ್ಟೋಬರಿನಲ್ಲಿ ಕೆಲವು ಯುವಕರು ಇಳಿಜಾರಿನ ಪಂದ್ಯ ಆರಂಭಿಸಿದರು. ಸುಮಾರು 2 ಮೈಲಿಯೊಳಗೆ ಸುಮಾರು 1300 ಅಡಿ ಇಳಿಯುವ ದಾರಿ ಅದು. ಅವರ ಬಳಿ ಇದ್ದುದು ದಪ್ಪ ಟೈರಿನ ಹಳೆಯ ಭಾರದ ಸೈಕಲ್ಲುಗಳು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರವನ್ನು ಹಿಡಿಯುವ ಬ್ರೇಕು. ಕೆಳಗೆ ಮುಟ್ಟುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸು ಸುಟ್ಟು ಹೊಗೆಯಾಡುತ್ತಿತ್ತು. ಹೊಸ ಗ್ರೀಸು ತುಂಬಿಯೇ ಮತ್ತೆ ಹೊರಡಬೇಕಾಗುತ್ತಿತ್ತಾದ್ದರಿಂದ ಆ ದಾರಿಗೆ ‘ರೀಪ್ಯಾಕ್’ ಎಂದೇ ಹೆಸರು ಬಿತ್ತು. ಅಲ್ಲಿ ಇಳಿದ ಗ್ಯಾರಿ ಫಿಶರ್, ಜೋ ಬ್ರೀಝ್ ಮೊದಲಾದವರೇ ಮುಂದೆ ಬೆಟ್ಟದ ಸೈಕಲ್ಲು ಕಟ್ಟುವವರಲ್ಲಿ ಮೊದಲಿಗರಾದರು.

ಅಂದು ಸೋಲುತ್ತಿದ್ದುದು ಬ್ರೇಕು. ಮುಂದೆ ಬ್ರೇಕು ಸುಧಾರಿಸಿತು. ಡಿಸ್ಕ್ ಬ್ರೇಕು ಬಂದಿತು. ಈಗ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿಯೂ ಡಿಸ್ಕ್ ಬ್ರೇಕಿನ ಸೈಕಲ್ಲು ದೊರೆಯುತ್ತದೆ. “ಡಿಸ್ಕ್ ಇದೆಯಲ್ಲ, ಇನ್ನೇನು ಭಯ?” ಎಂದು ತಂದೆಯಾದವನು ನೆಮ್ಮದಿಯಿಂದ ಮನೆಗೆ ಬರುತ್ತಾನೆ. ಆದರೆ ಬ್ರೇಕು ನಿಲ್ಲಿಸುವುದು ಚಕ್ರವನ್ನು; ಸೈಕಲ್ಲನ್ನು ನಿಲ್ಲಿಸಬೇಕಾದ್ದು ಟೈರು. ಟೈರಿಗೆ ಹಿಡಿತವಿಲ್ಲದಿದ್ದರೆ ಚಕ್ರ ನಿಂತಿದ್ದರೂ ಸೈಕಲ್ಲು ಜಾರುತ್ತಲೇ ಹೋಗುತ್ತದೆ. ಒಳ್ಳೆಯ ಬ್ರೇಕಿಗೆ ಕೆಟ್ಟ ಟೈರು ಹಾಕಿದರೆ ಅಪಾಯ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ.

ಇನ್ನು ರಬ್ಬರಿನ ಗುಣ. ಮೃದುವಾದ ರಬ್ಬರು ಕಲ್ಲಿನ, ಬೇರಿನ ಏರುತಗ್ಗುಗಳಿಗೆ ಒತ್ತಿಕೊಂಡು ಹಿಡಿಯುತ್ತದೆ. ಆದರೆ ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಹುಕಾಲ ಬಾಳುತ್ತದೆ. ಆದರೆ ಒದ್ದೆ ಕಲ್ಲಿನ ಮೇಲೆ ಜಾರುತ್ತದೆ. ಈ ಗಟ್ಟಿತನವನ್ನು ತಯಾರಕರು ಶೋರ್ ಎಂಬ ಅಳತೆಯ ‘ಎ’ ಮಾನದಲ್ಲಿ ಹೇಳುತ್ತಾರೆ. ಇಳಿಜಾರಿನ ಪಂದ್ಯದ ಟೈರು 42ರ ಆಸುಪಾಸಿನ ಬಹು ಮೃದು ರಬ್ಬರಿನದು. 50 ಎಂದರೆ ಮಧ್ಯಮ. 60 ದಾಟಿದರೆ ಗಟ್ಟಿ ಎಂದು ತಿಳಿಯಬಹುದು. ಕಡಿಮೆ ಬೆಲೆಯ ಸೈಕಲ್ಲುಗಳ ಟೈರಿನಲ್ಲಿ ಸಾಮಾನ್ಯವಾಗಿ ಈ ಅಂಕಿ ಬರೆದಿರುವುದಿಲ್ಲ, ರಬ್ಬರೂ ಗಟ್ಟಿಯೇ ಇರುತ್ತದೆ. ಅಂಗಡಿಯಲ್ಲಿ ಎರಡು ಟೈರುಗಳನ್ನು ಪಕ್ಕಪಕ್ಕದಲ್ಲಿಟ್ಟು ಬಟನ್ನಿನ ಮೇಲೆ ಹೆಬ್ಬೆರಳ ಉಗುರನ್ನು ಒತ್ತಿ ನೋಡಿ. ಒಂದರಲ್ಲಿ ಉಗುರು ಇಳಿಯುತ್ತದೆ, ಇನ್ನೊಂದರಲ್ಲಿ ಜಾರುತ್ತದೆ. ಅಳತೆಯ ಯಂತ್ರವಿಲ್ಲದವರಿಗೆ ಇದೇ ಸಾಕಷ್ಟು ಒಳ್ಳೆಯ ಪರೀಕ್ಷೆ.

ಹಿಡಿತವೂ ಬೇಕು, ಬಾಳಿಕೆಯೂ ಬೇಕು ಎನ್ನುವವರಿಗಾಗಿ ತಯಾರಕರು ಒಂದೇ ಟೈರಿನಲ್ಲಿ ಎರಡು ಮೂರು ಬಗೆಯ ರಬ್ಬರು ಕೂಡಿಸುವುದುಂಟು. ತೈವಾನಿನ ಮ್ಯಾಕ್ಸಿಸ್ ಕಂಪನಿಯ ‘3ಸಿ’ ಎಂಬ ಬಗೆಯಲ್ಲಿ ತಳದಲ್ಲಿ ಗಟ್ಟಿ ರಬ್ಬರು, ಮೇಲೆ ಮೃದು ರಬ್ಬರು, ಅಂಚಿನ ಬಟನ್ನುಗಳಲ್ಲಿ ಇನ್ನೂ ಮೃದು ರಬ್ಬರು ಇರುತ್ತದೆ. ಇವು ದುಬಾರಿ; ಎರಡೂ ಚಕ್ರಕ್ಕೆ ಹಾಕಿಸಿರೆಂದು ನಾವು ಸದಸ್ಯರಿಗೆ ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ಏಕೆಂದರೆ ಎರಡು ಚಕ್ರಗಳ ಕೆಲಸ ಒಂದೇ ಅಲ್ಲ.

ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ಸರಿಯುತ್ತದೆ. ವೇಗ ತಗ್ಗಿಸುವ ಕೆಲಸದ ಹೆಚ್ಚು ಪಾಲು ಮುಂದಿನ ಚಕ್ರದ್ದು. ತಿರುವಿನಲ್ಲಿ ದಾರಿ ಹಿಡಿಸುವುದೂ ಅದೇ. ಹಿಂದಿನ ಚಕ್ರ ಜಾರಿದರೆ ಸವಾರನು ಕಾಲು ಕೊಟ್ಟು ಸಾವರಿಸಿಕೊಳ್ಳಬಹುದು. ಮುಂದಿನ ಚಕ್ರ ಜಾರಿತೆಂದರೆ ಸಾವರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಭುಜವೋ ಮೊಣಕೈಯೋ ನೆಲಕ್ಕೆ ಬಡಿಯುತ್ತದೆ. ಸವಕಳಿಯ ಲೆಕ್ಕ ಇದಕ್ಕೆ ತಲೆಕೆಳಗು. ತುಳಿತದ ಎಳೆತವನ್ನೆಲ್ಲ ಹೊರುವುದು ಹಿಂದಿನ ಟೈರಾದ್ದರಿಂದ ಅದು ಬೇಗ ಸವೆಯುತ್ತದೆ, ಮುಂದಿನದು ನಿಧಾನವಾಗಿ ಸವೆಯುತ್ತದೆ. ಆದುದರಿಂದ ಮೃದು ರಬ್ಬರಿನ ಟೈರು ಮುಂದಕ್ಕೆ, ಗಟ್ಟಿ ರಬ್ಬರಿನದು ಹಿಂದಕ್ಕೆ ಎಂಬುದು ಸುರಕ್ಷಿತವೂ ಹೌದು, ಮಿತವ್ಯಯವೂ ಹೌದು. ಬೇಗ ಸವೆಯುವ ರಬ್ಬರು ನಿಧಾನವಾಗಿ ಸವೆಯುವ ಸ್ಥಾನದಲ್ಲಿ ಕುಳಿತಂತಾಯಿತು.

ನಮ್ಮ ಊರುಗಳಲ್ಲಿ ನಡೆಯುವುದು ಇದರ ವಿರುದ್ಧ. ಹಿಂದಿನ ಟೈರು ಬೋಳಾಯಿತೆಂದರೆ ಹೊಸದೊಂದನ್ನು ತಂದು ಅಲ್ಲಿಯೇ ಹಾಕುತ್ತೇವೆ. ಇಲ್ಲವೇ ಬೋಳಾದದ್ದನ್ನು ಮುಂದಕ್ಕೆ ಹಾಕಿ ‘ಇನ್ನೊಂದು ಮಳೆಗಾಲ ಬರುತ್ತದೆ’ ಎನ್ನುತ್ತೇವೆ. ಈ ಪದ್ಧತಿ ನಿಲ್ಲಬೇಕೆಂದು ನಾವು ಬಲವಾಗಿ ಹೇಳಬಯಸುತ್ತೇವೆ. ಹಿಂದಿನದು ಸವೆದಾಗ ಮುಂದಿನದನ್ನು ಹಿಂದಕ್ಕೆ ಸರಿಸಿ, ಹೊಸದನ್ನು ಮುಂದಕ್ಕೆ ಹಾಕಬೇಕು. ಖರ್ಚು ಒಂದೇ ಟೈರಿನದು. ಕೂಲಿ ಮಾತ್ರ ಎರಡು ಚಕ್ರ ಬಿಚ್ಚಿದ್ದಕ್ಕೆ. ಈ ಮಾತು ಸೈಕಲ್ಲಿಗೆ ಮಾತ್ರ ಎಂಬುದನ್ನು ಗಮನದಲ್ಲಿಡಬೇಕು. ಮೋಟಾರ್ ಸೈಕಲ್ಲಿನ ಮುಂದಿನ ಟೈರೂ ಹಿಂದಿನ ಟೈರೂ ಬೇರೆ ಬೇರೆಯಾದ್ದರಿಂದ ಅದಲುಬದಲು ಸಲ್ಲದು. ಕಾರಿಗೆ ಎರಡೇ ಹೊಸ ಟೈರು ಹಾಕಿಸುವಾಗ ಅವು ಹಿಂದಕ್ಕೆ ಇರಲಿ ಎಂಬುದೇ ಟೈರು ತಯಾರಕರ ಸಲಹೆ.

ಬಟನ್ನುಗಳ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಬಟನ್ನು ದೊಡ್ಡದಿದ್ದಷ್ಟೂ ಹಿಡಿತ ಹೆಚ್ಚು ಎಂದು ಅನೇಕರು ನಂಬಿದ್ದಾರೆ. ಅದು ಮೆದು ಮಣ್ಣಿನ ಮಟ್ಟಿಗೆ ನಿಜ. ಕೆಂಪು ಜೇಡಿಯ ಕೆಸರಿಗೆ ಎತ್ತರದ, ದೂರದೂರ ಇರುವ ಬಟನ್ನುಗಳು ಬೇಕು. ಒತ್ತೊತ್ತಾಗಿದ್ದರೆ ನಡುವೆ ಕೆಸರು ತುಂಬಿ ಟೈರು ನುಣ್ಣಗಿನ ಉರುಳೆಯಾಗುತ್ತದೆ. ಜಲ್ಲಿ, ಗಟ್ಟಿ ಮಣ್ಣು ಇರುವಲ್ಲಿ ನಡುವಿನ ಸಾಲು ತುಸು ಒತ್ತಾಗಿದ್ದು ಅಂಚಿನ ಸಾಲು ಗಟ್ಟಿಮುಟ್ಟಾಗಿರುವುದು ಲೇಸು. ತಿರುವಿನಲ್ಲಿ ಸೈಕಲ್ಲು ವಾಲಿದಾಗ ನೆಲ ಹಿಡಿಯುವುದು ಆ ಅಂಚಿನ ಸಾಲೇ. ಟಾರು ಮತ್ತು ಕಾಂಕ್ರೀಟಿನ ಮೇಲೆ ಎತ್ತರದ ಬಟನ್ನುಗಳು ಬಳುಕುತ್ತವೆ. ಪಾಚಿ ಕಟ್ಟಿದ ಕಾಂಕ್ರೀಟು, ಒದ್ದೆ ಬೇರು, ದಾರಿಗೆ ಬಿದ್ದ ಅಡಿಕೆ ಹಾಳೆ ಇವುಗಳ ಮೇಲೆ ಯಾವ ಟೈರನ್ನೂ ನಂಬಲಾಗದು. ಅಂಥಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಸರಿ ಎಂದು ಮಕ್ಕಳಿಗೆ ಹೇಳಿಕೊಡಬೇಕು. ವರ್ಷಕ್ಕೊಮ್ಮೆ ಆ ಪಾಚಿಯನ್ನು ಕೆರೆಸುವುದು ದೊಡ್ಡವರ ಹೊಣೆ.

ಬಾಳಿಕೆ ಎಂಬುದು ಮೇಲಿನ ರಬ್ಬರಿನಿಂದ ಮಾತ್ರ ಬರುವುದಲ್ಲ. ಚೂಪುಗಲ್ಲಿಗೆ, ಕಾಫಿ ಕಸಿ ಮಾಡಿ ಬಿಟ್ಟ ಮೊನಚು ಕಡ್ಡಿಗೆ ಹರಿಯುವುದು ಟೈರಿನ ಪಕ್ಕೆ. ಪಕ್ಕೆಯ ಬಲ ಒಳಗಿನ ನೂಲಿನದು. ಅಂಗುಲಕ್ಕೆ 60 ಎಳೆಯ ಟೈರಿನಲ್ಲಿ ನೂಲು ದಪ್ಪ. 120 ಎಳೆಯದರಲ್ಲಿ ನೂಲು ಸಣ್ಣ, ಟೈರು ಹಗುರ ಮತ್ತು ಮೆತು. ಇಲ್ಲಿ ಅಂಕಿ ಹೆಚ್ಚಾದರೆ ಬಲ ಹೆಚ್ಚೆಂದು ಭಾವಿಸಬಾರದು. ತೋಟದ ಕೆಲಸಕ್ಕೆ 60 ಎಳೆಯದೇ ಒಪ್ಪುತ್ತದೆ. ಪಂದ್ಯದವರು ಬಳಸುವ ಇಮ್ಮಡಿ ಪದರದ ಇಳಿಜಾರಿನ ಟೈರು ಒಂದೊಂದೂ 1200 ಗ್ರಾಂ ಮೀರುತ್ತದೆ. ಸಾಧಾರಣ ಬೆಟ್ಟದ ಟೈರು 700ರಿಂದ 900 ಗ್ರಾಂ. ಪಂದ್ಯದವರನ್ನು ಮೇಲಕ್ಕೆ ಒಯ್ಯಲು ವಾಹನವೋ ರೋಪ್‌ವೇಯೋ ಇರುತ್ತದೆ. ಸಂಜೆ ಶಾಲೆ ಬಿಟ್ಟ ಹುಡುಗಿ ಅದೇ ಏರನ್ನು ತುಳಿದೇ ಹತ್ತಬೇಕು. ಅವಳಿಗೆ ಆ ಭಾರ ಬೇಡ.

ಕೊಳ್ಳುವ ಮುನ್ನ ಹಳೆಯ ಟೈರಿನ ಪಕ್ಕೆಯಲ್ಲಿರುವ ಅಂಕಿಯನ್ನು ಬರೆದುಕೊಂಡು ಹೋಗಿ. 26 × 2.10 ಎಂಬ ಟೈರಿನ ಮೇಲೆ 54-559 ಎಂದೂ ಇರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಹಳೆಯ ಮಾದರಿಯ 26 × 1⅜ ಟೈರೂ ‘ಇಪ್ಪತ್ತಾರೇ’. ಆದರೆ ಅದರ ವ್ಯಾಸ 590. ಒಂದರ ಟೈರು ಇನ್ನೊಂದರ ರಿಮ್ಮಿಗೆ ಕೂರುವುದಿಲ್ಲ. 27.5ರ ಚಕ್ರಕ್ಕೆ 584, 29ರ ಚಕ್ರಕ್ಕೆ 622. ಟೈರಿನ ಪಕ್ಕೆಯಲ್ಲಿ ಬಾಣದ ಗುರುತಿದ್ದರೆ ಚಕ್ರ ಆ ದಿಕ್ಕಿಗೆ ಉರುಳುವಂತೆ ಹಾಕಿಸಬೇಕು. ಮೊದಲಿಗಿಂತ ಅಗಲದ ಟೈರು ಹಾಕಿಸುವುದಾದರೆ ಎರಡು ಪಕ್ಕದಲ್ಲಿಯೂ ಕೆಸರು ಹಾಯುವಷ್ಟು ಸಂದು ಉಳಿದಿದೆಯೇ ನೋಡಿ.

ಹೊಸ ಟೈರು ತರಲಾಗದವರೂ ಇಂದೇ ಮಾಡಬಹುದಾದ ಕೆಲಸವೊಂದಿದೆ. ಅದು ಗಾಳಿಯನ್ನು ಸರಿಮಾಡುವುದು. ಹೆಬ್ಬೆರಳಿಗೆ ಕಲ್ಲಿನಂತೆ ಆಗುವವರೆಗೆ ಗಾಳಿ ಹೊಡೆಸುವುದು ನಮ್ಮವರ ರೂಢಿ. ಹಾಗೆ ಬಿಗಿದ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತದೆ, ನೆಲವನ್ನು ತಬ್ಬುವುದಿಲ್ಲ. ಪಕ್ಕೆಯಲ್ಲಿ ಅಚ್ಚಾಗಿರುವ ಮಿತಿಯೊಳಗೆ, ಕೆಳಗಿನ ಅಂಕಿಯ ಹತ್ತಿರ ಇರಿಸಬೇಕು. ಮುಂದಿನದಕ್ಕೆ ಹಿಂದಿನದಕ್ಕಿಂತ 2-3 ಪೌಂಡು ಕಡಿಮೆ. ತೀರ ಇಳಿಸಿದರೂ ತೊಂದರೆಯೇ. ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಜೋಡಿ ತೂತು ಕಂಡರೆ ಮುಳ್ಳನ್ನು ಹುಡುಕಬೇಡಿ, ಗಾಳಿ ಸ್ವಲ್ಪ ಹೆಚ್ಚಿಸಿ.

ಟೈರಿನ ಆಯಸ್ಸು ಮನೆಯಲ್ಲಿ ಇಡುವ ರೀತಿಯನ್ನೂ ಅವಲಂಬಿಸಿದೆ. ಬಿಸಿಲು, ಡೀಸೆಲ್, ಸೀಮೆಎಣ್ಣೆ ರಬ್ಬರಿನ ವೈರಿಗಳು. ತಾಮ್ರ ರಬ್ಬರನ್ನು ಕೆಡಿಸುತ್ತದೆಂಬುದು ರಬ್ಬರು ಬೆಳೆಯುವ ಸದಸ್ಯರಿಗೆ ಗೊತ್ತಿರುವ ಮಾತು. ಬೋರ್ಡೋ ದ್ರಾವಣ ಸಿಡಿದ ಸೈಕಲ್ಲನ್ನು ಹಾಗೆಯೇ ಕೊಟ್ಟಿಗೆಗೆ ಒರಗಿಸದೆ ನೀರು ಹೊಯ್ದು ತೊಳೆದಿಡಿ.

ಮೃದು ರಬ್ಬರಿನ ಟೈರು ದುಬಾರಿ, ಬೇಗ ಹೋಗುತ್ತದೆ, ಬಡವನಿಗೆ ಎಟುಕುವುದಿಲ್ಲ ಎಂಬ ಆಕ್ಷೇಪಣೆ ಬಂದೇ ಬರುತ್ತದೆ. ಆಕ್ಷೇಪಣೆಯಲ್ಲಿ ಸತ್ಯವಿದೆ. ಆದುದರಿಂದಲೇ ಒಂದೇ ಟೈರು, ಅದೂ ಮುಂದಕ್ಕೆ ಮಾತ್ರ ಎಂದು ನಾವು ಹೇಳುತ್ತಿರುವುದು. ಬೇಸಗೆಯಲ್ಲಿ ಹಳೆಯ ಗಟ್ಟಿ ಟೈರು ಓಡಿಸಿ, ಮಳೆಗಾಲಕ್ಕೆ ಮಾತ್ರ ಮೃದುವಾದದ್ದನ್ನು ಹಾಕಿಸಿಕೊಂಡರೆ ಅದು ಇನ್ನೂ ಹೆಚ್ಚು ದಿನ ಬರುತ್ತದೆ. ಕೈ ಮುರಿದ ಮಗುವನ್ನು ಪಟ್ಟಣದ ಆಸ್ಪತ್ರೆಗೆ ಒಯ್ದು ಬರುವ ಒಂದು ದಿನದ ಬಾಡಿಗೆ ಎಷ್ಟೆಂಬುದನ್ನು ಗುಡ್ಡದ ಮೇಲಿನ ಪ್ರತಿ ಮನೆಯವರೂ ಬಲ್ಲರು. ಶಾಲೆ ತಪ್ಪುವ ವಾರಗಳಿಗಂತೂ ಬೆಲೆ ಕಟ್ಟುವವರಿಲ್ಲ.

ಸಂಘದ ಆಡಳಿತ ಮಂಡಳಿಗೆ ನಮ್ಮ ಸಲಹೆ ಇಷ್ಟು. ಸಂಘದ ಮಳಿಗೆಯಲ್ಲಿ ಮೈಲುತುತ್ತ, ಸುಣ್ಣದ ಜೊತೆಗೆ, ಮೃಗಶಿರಾ ಮಳೆಗೆ ಮುನ್ನ ಮುಂದಿನ ಚಕ್ರಕ್ಕೆ ಒಪ್ಪುವ ಒಂದು ಮೃದು ರಬ್ಬರಿನ ಬಟನ್ ಟೈರನ್ನು, ಹೆಚ್ಚು ಕೇಳಿಕೆಯಿರುವ ಅಳತೆಗಳಲ್ಲಿ, ಒಟ್ಟಾಗಿ ತರಿಸಿಡಬೇಕು. ಒಟ್ಟು ಖರೀದಿಗೆ ದರ ಇಳಿಸಿ ಕೇಳಲು ಬರುತ್ತದೆ. ಬಿಡಿಯಾಗಿ ಹೋದ ಬೆಳೆಗಾರನ ಮಾತಿಗೆ ಅಂಗಡಿಯಲ್ಲಿ ಆ ತೂಕವಿಲ್ಲ. ಮಳಿಗೆಯ ಮುಂದೆ ಮೀಟರು ಇರುವ ಒಂದು ಪಂಪನ್ನು ಸದಸ್ಯರ ಮಕ್ಕಳ ಉಪಯೋಗಕ್ಕೆ ಇಡಬೇಕು. ಇದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ.

ಸದಸ್ಯರು ತಮ್ಮ ಮನೆಯ ಸೈಕಲ್ಲುಗಳ ಟೈರಿನ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಿದರೆ ಯಾವ ಅಳತೆ ಎಷ್ಟು ಬೇಕೆಂಬುದು ಆಡಳಿತ ಮಂಡಳಿಗೆ ತಿಳಿಯುತ್ತದೆ. ಚೀಟಿ ಬರೆಯಲು ಸೈಕಲ್ಲಿನ ಬಳಿ ಕುಳಿತಾಗ ಮುಂದಿನ ಟೈರಿನ ಮೇಲೊಮ್ಮೆ ಕೈಯಾಡಿಸಿ. ಬಟನ್ನು ಕೈಗೆ ಹತ್ತದಿದ್ದರೆ ಮಳೆಯವರೆಗೆ ಕಾಯದೆ ಅದನ್ನು ಈಗಲೇ ಬದಲಾಯಿಸಬೇಕೆಂದು ನಮ್ಮ ವಿನಂತಿ.