ಅವ್ವನ ಬಿಸಿಲು, ಅರಿಜೋನಾದ ಬಿಸಿಲು

"ಬಿಸಿಲಿಗೆ ಹೆದರಿ ಮನಿ ಬಿಟ್ಟು ಹೋಗೂದಾ? ನಾ ರಾಯಚೂರಾಗ ಹುಟ್ಟಿದಾಕಿ, ನೆನಪಿಟ್ಕೋ."

ಕಳೆದ ಜುಲೈನಲ್ಲಿ ಅವ್ವ ಹೀಗಂದಾಗ ಮಧ್ಯಾಹ್ನ ಎರಡು ಗಂಟೆ. ಹೊರಗೆ 45 ಡಿಗ್ರಿ. ನಮ್ಮ ಬಾಡಿಗೆ ಮನೆಯ ಒಳಗೆ 33. ಬೆಳಿಗ್ಗೆಯಿಂದ ಎಸಿ ಬಂದ್. ಅಪಾರ್ಟ್‌ಮೆಂಟ್ ಆಫೀಸಿಗೆ ಮೂರು ಸಲ ಫೋನ್ ಮಾಡಿದ್ದೆ. ಮೂರು ಸಲವೂ ಒಂದೇ ಉತ್ತರ: "ನಾಳೆ ಬೆಳಿಗ್ಗೆ ಮೆಕ್ಯಾನಿಕ್ ಬರ್ತಾರೆ."

ನಾನಿರುವುದು ಅಮೆರಿಕದ ಅರಿಜೋನಾ ರಾಜ್ಯದ ಚಾಂಡ್ಲರ್‌ನಲ್ಲಿ. ಫೀನಿಕ್ಸ್ ನಗರಕ್ಕೆ ಅಂಟಿಕೊಂಡ ಊರು. ಸುತ್ತ ಸೊನೋರಾ ಮರುಭೂಮಿ. ಅವ್ವ ಆರು ತಿಂಗಳಿಗೆ ಅಂತ ಬಂದಿದ್ದಳು. ಹೋಟೆಲಿಗೆ ಹೋಗೋಣ ಅಂದರೆ, "ಇಷ್ಟಕ್ಕ ಅಷ್ಟು ರೊಕ್ಕ ಕೊಡಬೇಕಾ? ಒಂದು ಉಳ್ಳಾಗಡ್ಡಿ ಹತ್ರ ಇಟ್ಕೊಂಡ್ರ ಸಾಕು, ಬಿಸಿಲು ಹತ್ತಂಗಿಲ್ಲ" ಅಂತ ಮಜ್ಜಿಗೆ ಮಾಡಲು ಎದ್ದಳು.

ನಾನೂ ಸುಮ್ಮನಾದೆ. ತಪ್ಪು ಮಾಡಿದ್ದು ಅಲ್ಲೇ.

ಅವ್ವನ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಮೇ ತಿಂಗಳಲ್ಲಿ ನಮ್ಮೂರಲ್ಲೂ 43-44 ಡಿಗ್ರಿ ಆಗುತ್ತೆ. ಆದರೆ ನಾವು ಬೆಳೆದದ್ದು ಕಲ್ಲಿನ ದಪ್ಪ ಗೋಡೆಯ ಮನೆಯಲ್ಲಿ. ರಾತ್ರಿ ಮಾಳಿಗೆ ಮೇಲೆ ನೀರು ಚಿಮುಕಿಸಿ, ಚಾಪೆ ಹಾಸಿ ಮಲಗಿದರೆ ಎರಡು ಗಂಟೆಯ ಹೊತ್ತಿಗೆ ತಣ್ಣನೆ ಗಾಳಿ ಬರುತ್ತಿತ್ತು. ಹಗಲು ಹೊಡೆದ ಪೆಟ್ಟಿಗೆ ರಾತ್ರಿ ಮುಲಾಮು ಹಚ್ಚುತ್ತಿತ್ತು.

ಫೀನಿಕ್ಸ್‌ನಲ್ಲಿ ಆ ರಾತ್ರಿಯೇ ಇಲ್ಲ. ಡಾಂಬರು, ಕಾಂಕ್ರೀಟು ಹಗಲೆಲ್ಲ ಕುಡಿದ ಶಾಖವನ್ನು ರಾತ್ರಿಯಿಡೀ ಕಕ್ಕುತ್ತವೆ. 2023ರ ಜುಲೈ 19ರಂದು ಇಲ್ಲಿನ ಕನಿಷ್ಠ ಉಷ್ಣಾಂಶ 97 ಫ್ಯಾರನ್‌ಹೀಟ್, ಅಂದರೆ 36 ಡಿಗ್ರಿ ಸೆಲ್ಸಿಯಸ್. ಗಮನಿಸಿ, ಅದು ಗರಿಷ್ಠ ಅಲ್ಲ, ಕನಿಷ್ಠ! ಆ ವರ್ಷ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಉಷ್ಣಾಂಶ 110 ಫ್ಯಾರನ್‌ಹೀಟ್ ಮುಟ್ಟಿತ್ತು ಅಥವಾ ದಾಟಿತ್ತು. ನಮ್ಮ ಲೆಕ್ಕದಲ್ಲಿ 43 ಡಿಗ್ರಿಗೂ ಮೇಲೆ. ಹಿಂದಿನ ದಾಖಲೆ 1974ರ 18 ದಿನ.

ಇಲ್ಲಿನ ಮನೆಗಳಿಗೆ ಕಲ್ಲಿನ ಗೋಡೆ ಇಲ್ಲ. ಹೆಚ್ಚಿನವು ಮರದ ಚೌಕಟ್ಟಿಗೆ ಹಲಗೆ ಹೊಡೆದು, ಮೇಲೆ ಗಾರೆ ಬಳಿದಂಥವು. ಎಸಿ ನಡೆಯುವವರೆಗೆ ಮನೆ. ನಿಂತರೆ ಡಬ್ಬ.

ನಮ್ಮ ಕೌಂಟಿಯ ಹೆಸರು ಮಾರಿಕೋಪಾ. ಇಲ್ಲಿ ಬಿಸಿಲಿನಿಂದಾಗಿ 2023ರಲ್ಲಿ ಸತ್ತವರು 645 ಮಂದಿ. ಹೆಚ್ಚಿನವರು ಬೀದಿಯಲ್ಲೋ ಬಯಲಲ್ಲೋ ಸತ್ತರು, ನಿಜ. ಆದರೆ ಸುಮಾರು ಕಾಲು ಭಾಗದಷ್ಟು ಜನ ಸತ್ತದ್ದು ಸೂರಿನ ಕೆಳಗೆ. ಅವರಲ್ಲಿ ಬಹುತೇಕರ ಮನೆಯಲ್ಲಿ ಎಸಿ ಇತ್ತು, ಆದರೆ ಅದು ನಡೆಯುತ್ತಿರಲಿಲ್ಲ. ಈ ಲೆಕ್ಕವನ್ನು ನಾನು ಓದಿದ್ದೆ. ಓದಿಯೂ ಅವ್ವ ಕೊಟ್ಟ ಮಜ್ಜಿಗೆ ಕುಡಿದು ಲ್ಯಾಪ್‌ಟಾಪ್ ಮುಂದೆ ಕೂತೆ. ಮೀಟಿಂಗ್ ಇತ್ತು ನೋಡಿ.

ಐದು ಗಂಟೆಗೆ ಒಳಗೆ 36. ಮೀಟಿಂಗ್ ಮುಗಿಸಿ ಬಂದರೆ ಅವ್ವ ಸೋಫಾದ ಅಂಚಿಗೆ ಕೂತು ಹಣೆ ಒತ್ತಿಕೊಳ್ಳುತ್ತಿದ್ದಳು. "ಯಾಕೋ ತಲಿ ತಿರಗಾಕತ್ತದ. ಹೊಟ್ಟಿ ತೊಳಸಿದಂಗ ಆಗ್ತದ." ಎದ್ದು ನಿಂತವಳು ಗೋಡೆ ಹಿಡಿದುಕೊಂಡಳು. ಫ್ಯಾನು ಜೋರಾಗಿ ತಿರುಗುತ್ತಲೇ ಇತ್ತು. ಗಾಳಿಯೇ ಮೈಗಿಂತ ಬಿಸಿಯಾಗುತ್ತ ಹೋದಾಗ, ಬೆವರು ಕಡಿಮೆಯಾದ ವಯಸ್ಸಾದವರಿಗೆ ಫ್ಯಾನು ತಂಪು ಮಾಡಲಾರದು. ಒಣ ಹವೆಯಲ್ಲಿ ಬಂದಷ್ಟು ಬೆವರೂ ಕ್ಷಣದಲ್ಲಿ ಆರಿಹೋಗುತ್ತದೆ. ಮೈ ಒಣಗಿಯೇ ಇರುವುದರಿಂದ ನೀರು ಎಷ್ಟು ಹೋಯಿತು ಅನ್ನುವುದೇ ತಿಳಿಯುವುದಿಲ್ಲ. ಸಾಲದ್ದಕ್ಕೆ ಅವ್ವ ನುಂಗುತ್ತಿದ್ದ ಬಿಪಿ ಮಾತ್ರೆ ಮೂತ್ರ ಹೆಚ್ಚಿಸುವಂಥದ್ದು.

ಟೆಂಪಿಯಲ್ಲಿರುವ ದಾವಣಗೆರೆಯ ಗೆಳೆಯನ ಹೆಂಡತಿ ನರ್ಸ್. ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣ, ಆಂಟಿ ಮಾತು ಸರಿಯಾಗಿದೆಯಾ? ತೊದಲಿದರೆ, ಗೊಂದಲ ಮಾಡಿಕೊಂಡರೆ ಕಾಯಬೇಡಿ, ಕೂಡಲೇ 911ಕ್ಕೆ ಫೋನ್ ಮಾಡಿ." ಅವ್ವನನ್ನು ಕೇಳಿದೆ, ಇವತ್ತು ಯಾವ ವಾರ? "ಗುರುವಾರ. ನನಗೇನು ಅರುಳು ಮರುಳಾ?" ಮಾತು ಸರಿಯಾಗಿತ್ತು. "ಹಾಗಾದರೆ ಒದ್ದೆ ಬಟ್ಟೆ ಕುತ್ತಿಗೆಗೆ ಹಾಕಿ, ಸ್ವಲ್ಪ ಸ್ವಲ್ಪ ನೀರು ಕುಡಿಸ್ತಾ ಈಗಲೇ ನಮ್ಮನೆಗೆ ಕರ್ಕೊಂಡು ಬನ್ನಿ."

ಇಪ್ಪತ್ತು ನಿಮಿಷದ ದಾರಿ. ಕಾರಿನ ಎಸಿಯಲ್ಲಿ ಅವ್ವ ಸ್ವಲ್ಪ ಗೆಲುವಾದಳು. ಅಷ್ಟರಲ್ಲಿ ನನ್ನ ಫೋನು ಕರ್ಕಶವಾಗಿ ಕಿರುಚಿತು. ಧೂಳು ಬಿರುಗಾಳಿಯ ಎಚ್ಚರಿಕೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಆಗ್ನೇಯ ದಿಕ್ಕಿನಲ್ಲಿ ಆಕಾಶವಿಲ್ಲ. ನೆಲದಿಂದ ಎದ್ದ ಕಂದು ಗೋಡೆಯೊಂದು ನಮ್ಮತ್ತ ನಡೆದು ಬರುತ್ತಿತ್ತು.

ಇದಕ್ಕೆ ಇಲ್ಲಿ ಹಬೂಬ್ ಅನ್ನುತ್ತಾರೆ. ಅರಬ್ಬಿ ಭಾಷೆಯಿಂದ ಬಂದ ಪದ. ಬೇಸಿಗೆಯಲ್ಲಿ ಗಾಳಿಯ ದಿಕ್ಕು ತಿರುಗಿ ಮೆಕ್ಸಿಕೋ ಕಡೆಯಿಂದ ತೇವ ಬರುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಇಲ್ಲಿನ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಾನ್ಸೂನ್. "ಅಮೆರಿಕದಾಗ ಮುಂಗಾರಾ?" ಅಂತ ಅವ್ವ ನಕ್ಕಿದ್ದಳು. ಹೌದು, ಇದೂ ಮುಂಗಾರೇ, ನೆಲ ಕಾದು ಗಾಳಿ ದಿಕ್ಕು ಬದಲಿಸುವ ಅದೇ ಆಟ. ಆದರೆ ಇಲ್ಲಿ ಗುಡುಗು ಮೋಡದಿಂದ ಬೀಳುವ ಮಳೆ ಎಷ್ಟೋ ಸಲ ನೆಲ ಮುಟ್ಟುವ ಮೊದಲೇ ಒಣ ಗಾಳಿಯಲ್ಲಿ ಆವಿಯಾಗುತ್ತದೆ. ಹಾಗಾದಾಗ ತಣ್ಣಗಾದ ಗಾಳಿ ಭಾರವಾಗಿ ದಡಕ್ಕನೆ ಕೆಳಗೆ ಕುಸಿದು, ನೆಲದ ಮೇಲೆ ಹರಡಿ, ಒಣ ಹೊಲದ ಮಣ್ಣನ್ನೆಲ್ಲ ಬಾಚಿಕೊಂಡು ಓಡುತ್ತದೆ. 2011ರ ಜುಲೈ 5ರಂದು ಫೀನಿಕ್ಸ್ ಮೇಲೆ ಬಂದ ಹಬೂಬ್ ಒಂದೂವರೆ ಕಿಲೋಮೀಟರ್ ಎತ್ತರವಿತ್ತು.

ನಾನು ಮೊದಲ ಎಕ್ಸಿಟ್‌ನಲ್ಲಿ ಹೆದ್ದಾರಿ ಬಿಟ್ಟು, ಖಾಲಿ ಪಾರ್ಕಿಂಗ್ ಜಾಗಕ್ಕೆ ಕಾರು ತಂದು ನಿಲ್ಲಿಸಿದೆ. ದೀಪ ಆರಿಸಿದೆ, ಹ್ಯಾಂಡ್‌ಬ್ರೇಕ್ ಎಳೆದೆ, ಬ್ರೇಕಿನಿಂದ ಕಾಲು ತೆಗೆದೆ. "ಲೈಟ್ ಯಾಕ ಆರಿಸ್ದಿ? ಯಾರರ ಬಂದು ಗುದ್ದಿದ್ರ?" ಅವ್ವ ಗಾಬರಿಯಾದಳು. ವಿಷಯ ಉಲ್ಟಾ. ರಸ್ತೆ ಬದಿ ನಿಂತವರ ಕೆಂಪು ದೀಪ ಕಂಡರೆ, ಹಿಂದಿನವರು ಅದೇ ರಸ್ತೆ ಅಂದುಕೊಂಡು ಅದರ ಬೆನ್ನು ಹತ್ತಿ ಬಂದು ಗುದ್ದುತ್ತಾರೆ. ಇಲ್ಲಿ ಪ್ರತಿ ಬೇಸಿಗೆ ಇದನ್ನೇ ಹೇಳಿಕೊಡುತ್ತಾರೆ: ಪಕ್ಕಕ್ಕೆ ಸರಿ, ದೀಪ ಆರಿಸು, ಬದುಕು.

ಮರುಕ್ಷಣ ಕಾರಿನ ಬಾನೆಟ್ ಕೂಡ ಕಾಣಲಿಲ್ಲ. ಹತ್ತು ನಿಮಿಷ ಅವ್ವ ನನ್ನ ಮುಂಗೈ ಬಿಡಲಿಲ್ಲ. ನಾನು ಐದೈದು ನಿಮಿಷಕ್ಕೆ ನೀರಿನ ಬಾಟಲಿ ಅವಳ ಬಾಯಿಗಿಡುತ್ತಿದ್ದೆ.

ಆಮೇಲೆ ಗುಡುಗು. ದಪ್ಪ ಹನಿಗಳು ಕಾರಿನ ಮೇಲೆ ಕೆಸರು ಗೆರೆ ಎಳೆದವು. ಕಾರಿನ ಮೀಟರ್‌ನಲ್ಲಿ 44 ಇದ್ದದ್ದು ನೋಡನೋಡುತ್ತ 28ಕ್ಕೆ ಇಳಿಯಿತು. ಮಳೆ ನಿಂತ ಮೇಲೆ ಕಿಟಕಿ ಇಳಿಸಿದೆ. ಅವ್ವ ಉಸಿರೆಳೆದು, "ಇದು ಮಣ್ಣಿನ ವಾಸನಿ ಅಲ್ಲ" ಅಂದಳು. ಸರಿಯಾಗೇ ಹೇಳಿದ್ದಳು. ಅದು ಕ್ರಿಯೋಸೋಟ್ ಎಂಬ ಮರುಭೂಮಿಯ ಕುರುಚಲು ಗಿಡದ್ದು. ಅದರ ಎಲೆಯ ಅಂಟು ನೆನೆದಾಗ ಬರುವ ಘಾಟು. ಈ ನೆಲದ ಮೂಲನಿವಾಸಿಗಳಾದ ತೊಹೊನೊ ಓಧಮ್ ಜನರಿಗೆ ಮಳೆಯೇ ಹೊಸ ವರ್ಷ. ಅವರು ಸಗ್ವಾರೋ ಕಳ್ಳಿಯ ಹಣ್ಣು ಕೊಯ್ದು, ಅದರ ಮದ್ಯ ಮಾಡಿ ಮಳೆ ಕರೆಯುತ್ತಾರೆ. ಫೀನಿಕ್ಸ್‌ಗೆ ಇಡೀ ವರ್ಷ ಬೀಳುವುದು ಸುಮಾರು 180 ಮಿಲಿಮೀಟರ್ ಮಾತ್ರ. ಬರಕ್ಕೆ ಹೆಸರಾದ ರಾಯಚೂರಿಗೂ ಅದರ ಮೂರು ಪಟ್ಟಿಗಿಂತ ಹೆಚ್ಚು ಬೀಳುತ್ತದೆ. 2023ರ ಮಾನ್ಸೂನ್‌ನಲ್ಲಂತೂ ಇಲ್ಲಿ ಬಿದ್ದದ್ದು ಬರೀ 4 ಮಿಲಿಮೀಟರ್.

ಮಳೆ ಬಂತು, ಕಷ್ಟ ಕಳೆಯಿತು ಅಂದುಕೊಂಡಿರಾ? ಆ ರಾತ್ರಿ ಬಿರುಗಾಳಿಗೆ ಕರೆಂಟ್ ಕಂಬ ಬಿದ್ದು, ನಮ್ಮ ಅಪಾರ್ಟ್‌ಮೆಂಟ್‌ಗೆ ಪೂರ್ತಿ ಕತ್ತಲು. ಮರುದಿನ ಮತ್ತೆ 43, ಜೊತೆಗೆ ಗಾಳಿಯಲ್ಲಿ ತೇವ. ಬಿಸಿಲು ಮುರಿಯುವ ಮಳೆಯೇ ಎಸಿ ನಡೆಸುವ ತಂತಿಯನ್ನೂ ಮುರಿಯುತ್ತದೆ. ನಾವು ಮನೆಯಲ್ಲೇ ಉಳಿದಿದ್ದರೆ? ಆ ಯೋಚನೆ ಈಗಲೂ ಮೈ ಜುಮ್ಮೆನಿಸುತ್ತದೆ.

ಗೆಳೆಯನ ಮನೆಯಲ್ಲಿ ಎರಡು ರಾತ್ರಿ ಕಳೆದೆವು. ಎಸಿಯಲ್ಲಿ ಕೆಟ್ಟದ್ದು ಅಂಗೈಯಲ್ಲಿ ಹಿಡಿಸುವ ಒಂದು ಕೆಪ್ಯಾಸಿಟರ್. ಆಫೀಸಿನಲ್ಲಿ ಒಂದು ಸರ್ವರ್ ಬಿದ್ದರೆ ಇನ್ನೊಂದು ಏಳುವಂತೆ ಕೋಡ್ ಬರೆಯುವವನು ನಾನು. ಮನೆಯಲ್ಲಿ ಅವ್ವನಿಗೆ ಮಾತ್ರ ಬ್ಯಾಕಪ್ ಇಟ್ಟಿರಲಿಲ್ಲ. ಈಗ ನಿಯಮ ಸರಳ: ಮನೆಯೊಳಗೆ 32 ದಾಟಿದರೆ ಚರ್ಚೆ ಇಲ್ಲ, ಬ್ಯಾಗ್ ಎತ್ತಿಕೊಂಡು ಹೊರಡುವುದು. ಯಾರ ಮನೆಗೆ ಅನ್ನುವುದು ಮೊದಲೇ ಮಾತಾಗಿದೆ.

ನೀವು ಬೆಂಗಳೂರಿನಲ್ಲಿ ಕೂತು ಇದನ್ನು ಓದುತ್ತಿದ್ದರೆ, ಅಪ್ಪ ಅಮ್ಮ ಕಲಬುರಗಿಯಲ್ಲೋ ಬಳ್ಳಾರಿಯಲ್ಲೋ ಇದ್ದರೆ, ಮೇ ತಿಂಗಳಲ್ಲಿ ಫೋನ್ ಮಾಡಿದಾಗ "ಊಟ ಆಯ್ತಾ" ಜೊತೆಗೆ ಇನ್ನೊಂದು ಕೇಳಿ: "ಕರೆಂಟ್ ಹೋದರೆ ಎಲ್ಲಿಗೆ ಹೋಗ್ತೀರಿ?" ನಮಗೆ ಬಿಸಿಲು ಹೊಸದಲ್ಲ ಅಂದಾರು. ಬಿಸಿಲು ಹಳೆಯದೇ ಇರಬಹುದು, ಅವರ ಮೈ ಹಳೆಯದಲ್ಲ. ಅರವತ್ತೈದು ವರ್ಷದ ಮೈಗೆ ಪ್ರತಿ ಬೇಸಿಗೆಯೂ ಹೊಸದೇ.

ಈ ಮೇ ತಿಂಗಳಲ್ಲಿ ಅವ್ವನೇ ಫೋನ್ ಮಾಡಿದಳು. "ಮುಂಜಾನಿಂದ ಕರೆಂಟ್ ಇಲ್ಲ, ಕೂಲರೂ ಬಂದ್. ನಾ ಸುಮ್ನ ಕೂಡಲಿಲ್ಲಪ್ಪ, ಚಿಕ್ಕಮ್ಮನ ಮನಿಗೆ ಬಂದೀನಿ. ಆಕಿ ಮನ್ಯಾಗ ಇನ್ವರ್ಟರ್ ಅದ."

ಉಳ್ಳಾಗಡ್ಡಿ ತಗೊಂಡು ಹೋಗಿದೀಯಾ ಅಂತ ಕೇಳಿದೆ.

"ಹೂಂ, ಅದೂ ಚೀಲದಾಗ ಅದ" ಅಂದಳು.